ಹುಳುಮನೆಯಿಂದ ಹಡಗಿಗೆ

“ಇನ್ನೊಂದೇ ಕಲ್ಲು ಕಣೇ! ಇಡೇ, ಇಡೇ ಬೇಗ!”

ಅಕ್ಷತಳ ಕೈಯಲ್ಲಿ ಏಳನೇ ಕಲ್ಲಿತ್ತು. ಆರು ಕಲ್ಲು ಆಗಲೇ ಒಂದರ ಮೇಲೊಂದು ಕೂತಿದ್ದವು. ಅತ್ತ ಅಂಜನ್ ಚೆಂಡು ಹಿಡಿದು ಓಡಿ ಬರುತ್ತಿದ್ದ. ಈ ಕಲ್ಲೊಂದು ಇಟ್ಟು ‘ಲಗೋರಿ’ ಅಂತ ಕೂಗಿಬಿಟ್ಟರೆ ಮುಗೀತು, ಗೆದ್ದ ಹಾಗೆ.

ಅಷ್ಟರಲ್ಲಿ ಜಗುಲಿಯ ಮೇಲಿಂದ ಗಂಗಲಕ್ಷ್ಮಮ್ಮಜ್ಜಿಯ ಕೂಗು ಇಡೀ ಬೀದಿಗೆ ಕೇಳಿಸಿತು.

“ಅಕ್ಷತಾ! ಏಯ್ ಅಕ್ಷತಾ! ನಿಮ್ಮಪ್ಪ ಬಂದೈತೆ ಬಾರೇ!”

ಬಂದದ್ದು ಅಪ್ಪ ಅಲ್ಲ, ಅಪ್ಪನ ವಿಡಿಯೋ ಕಾಲ್. ಅಕ್ಷತ ಅತ್ತ ತಿರುಗಿದಳು, ಇತ್ತ ಚೆಂಡು ಬೆನ್ನಿಗೆ ಫಟ್ ಅಂತ ಬಡಿಯಿತು.

“ಔಟ್! ಔಟ್!” ಅಂಜನ್ ಕುಣಿದ. “ಸಿಸಿಟಿವಿ ಬಂತು, ಸಿಸಿಟಿವಿ ಬಂತು! ಅಕ್ಷತನ ಸಿಸಿಟಿವಿ ಬಂತು!”

ಬೀದಿಯ ಮಕ್ಕಳೆಲ್ಲ ನಕ್ಕರು. ಅಷ್ಟರಲ್ಲಿ ಅಜ್ಜಿಯೇ ಫೋನ್ ಹಿಡಿದುಕೊಂಡು ಬೀದಿಗೆ ಇಳಿದಿದ್ದಳು. ಫೋನ್ ಹಿಡಿದಿದ್ದ ರೀತಿಗೆ ಅಪ್ಪನಿಗೆ ಅಜ್ಜಿಯ ಗಲ್ಲ, ಮೂಗುಬೊಟ್ಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

“ಊಟ ಆಯ್ತಾ ಮಗಳೇ?” ಅಂದ ಅಪ್ಪ.

“ಸಂಜೆ ಐದು ಗಂಟೆಗೆ ಯಾರಪ್ಪಾ ಊಟ ಮಾಡ್ತಾರೆ?”

“ಓ, ಹೌದಲ್ವಾ. ನಮಗಿಲ್ಲಿ ಬೆಳಗ್ಗೆ ಏಳೂವರೆ. ಮತ್ತೆ? ಏನ್ ವಿಶೇಷ?”

“ಏನೂ ಇಲ್ಲ.”

“ಸ್ಕೂಲಲ್ಲಿ?”

“ಬೆಳಗ್ಗೆ ಕೇಳ್ದಲ್ಲಪ್ಪಾ! ಬೆಳಗ್ಗೆ, ಸಂಜೆ, ರಾತ್ರಿ ಮೂರು ಹೊತ್ತೂ ಕೇಳಿದ್ರೆ ನಾನೇನು ಹೇಳ್ಲಿ?” ಹಿಂದೆ ಅಂಜನ್ ಇನ್ನೂ ಹಾಡುತ್ತಲೇ ಇದ್ದ. ಅಕ್ಷತಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. “ಮೊದಲೇ ಚೆನ್ನಾಗಿತ್ತು. ಪೋರ್ಟ್ ಬಂದಾಗ ಮಾತ್ರ ಮಾಡು ಸಾಕು!”

ಫೋನಿನೊಳಗೆ ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ನಕ್ಕ. “ಆಯ್ತು ಬಿಡಮ್ಮಾ. ಹೋಗು, ಆಡ್ಕೋ.”

ಅಪ್ಪ ಅನಿಲ್‌ಕುಮಾರ್ ಮೊದಲು ಏರ್‌ಪೋರ್ಟ್ ಹತ್ತಿರದ ಹೋಟೆಲೊಂದರಲ್ಲಿ ಬೆಡ್‌ಶೀಟ್ ಒಗೆಯುತ್ತಿದ್ದ. ಈಗ ಅದೇ ಕೆಲಸ, ಸಮುದ್ರದ ಮೇಲೆ. ಹತ್ತಾರು ಅಂತಸ್ತಿನ ಪ್ರವಾಸಿ ಹಡಗು. ದೇವನಹಳ್ಳಿ ಪೇಟೆಯನ್ನೇ ಎತ್ತಿ ನೀರಿನ ಮೇಲೆ ತೇಲಿಬಿಟ್ಟ ಹಾಗೆ. ಮೇಲೆ ಈಜುಕೊಳ, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲು ಕಾಯಿಸುತ್ತ ಮಲಗಿದ ಜನ. ಅವರು ಮೈ ಒರೆಸಿ ಎಸೆದ ಟವೆಲ್ಲುಗಳನ್ನು ಒಗೆಯಲು ಎಲ್ಲಕ್ಕಿಂತ ಕೆಳಗೆ, ಕಿಟಕಿಯೇ ಇಲ್ಲದ ಅಂತಸ್ತಿನಲ್ಲಿ, ಅಪ್ಪ.

ಮೊದಲು ಹಡಗಿನಲ್ಲಿ ನೆಟ್ ಅಂದರೆ ಆಮೆಗಿಂತ ನಿಧಾನ. ಕೆಲಸದವರು ಕಾರ್ಡು ಕೊಂಡು ನಿಮಿಷದ ಲೆಕ್ಕದಲ್ಲಿ ಮಾತಾಡಬೇಕಿತ್ತು. ಹಾಗಾಗಿ ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಹಡಗು ಯಾವುದಾದರೂ ಊರಿಗೆ ತಾಗಿದಾಗ ಮಾತ್ರ ಅಪ್ಪನ ಫೋನ್ ಬರುತ್ತಿತ್ತು. ಅದಕ್ಕೆಂದೇ ಅಕ್ಷತ ಒಂದು ನೋಟ್‌ಬುಕ್ ಇಟ್ಟಿದ್ದಳು. ‘ಅಪ್ಪಂಗೆ ಹೇಳೋದು’ ಅಂತ ಅದರ ಹೆಸರು. ಹಲ್ಲು ಬಿದ್ದದ್ದು, ಹಸು ಕರು ಹಾಕಿದ್ದು, ಕಾಂಪೌಂಡಿನ ಮೇಲೆ ನವಿಲು ಕೂತದ್ದು ಎಲ್ಲ ಅದರಲ್ಲಿ. ಫೋನ್ ಬಂದಾಗ ಒಂದೇ ಉಸಿರಿಗೆ ಓದಿ ಹೇಳುತ್ತಿದ್ದಳು.

ಎರಡು ತಿಂಗಳ ಹಿಂದೆ ಹಡಗಿನ ನೆತ್ತಿಯ ಮೇಲೆ ಉಪಗ್ರಹದಿಂದ ನೆಟ್ ಹಿಡಿಯುವ ಹೊಸ ತಟ್ಟೆಗಳನ್ನು ಕೂರಿಸಿದರು. ಕೂರಿಸಿದ್ದೇನು ಅನಿಲ್‌ಕುಮಾರ್ ಮಗಳ ಜೊತೆ ಮಾತಾಡಲಿ ಅಂತ ಅಲ್ಲ. ಮೇಲಿನವರು ಈಜಿದ ಫೋಟೋವನ್ನು ಮೈ ಒಣಗುವ ಮೊದಲೇ ಊರಿಗೆಲ್ಲ ತೋರಿಸಲಿ ಅಂತ. ಹೇಗೋ, ಒಂದಿಷ್ಟು ಕೆಳಗೂ ಇಳಿಯಿತು. ಅವತ್ತಿನಿಂದ ಅಪ್ಪನದು ದಿನಕ್ಕೆ ಮೂರು ಕಾಲ್. ನೋಟ್‌ಬುಕ್ಕಿನಲ್ಲಿ ಬರೆಯಲು ಏನೂ ಉಳಿಯಲಿಲ್ಲ.

ಒಂದು ಸಲ ಅಪ್ಪ, “ಹುಳುಮನೆ ತೋರ್ಸೇ, ರೇಷ್ಮೆಹುಳ ನೋಡಿ ವರ್ಷ ಆಯ್ತು” ಅಂದಿದ್ದ. ಅಕ್ಷತ ಫೋನ್ ಹಿಡಿದು ಹೊರಟಿದ್ದೂ ಆಗಿತ್ತು. ಅಷ್ಟರಲ್ಲಿ ಅಪ್ಪನ ಮೇಲಿನ ಮಂಚದಿಂದ ಇನ್ಯಾರದೋ ತಲೆ ಇಣುಕಿ “ಹಲೋ” ಅಂತು. ಅಜ್ಜಿ ಓಡಿ ಬಂದು ಫೋನಿನ ಮೇಲೆ ಸೆರಗು ಮುಚ್ಚಿಯೇಬಿಟ್ಟಳು.

“ಲೋ, ಆ ಹಡಗಲ್ಲಿ ಎಷ್ಟು ಜನ ಅವ್ರೆ?”

“ನಾಕು ಸಾವಿರ ಇರ್ಬೋದಮ್ಮಾ.”

“ಅಷ್ಟೂ ಜನದ ಕಣ್ಣು ನನ್ನ ಹುಳದ ಮೇಲೆ ಬೀಳ್ಬೇಕಾ? ಕಾಲು ತೊಳೀದೆ ನಾನೇ ಒಳಕ್ಕೆ ಹೋಗಲ್ಲ. ಹಡಗಿನವರನ್ನೆಲ್ಲಾ ಒಳಕ್ಕೆ ಬಿಟ್ಕೊಳ್ಳಾಕಾಗ್ತದಾ? ದೃಷ್ಟಿ ತಾಗಿ ಒಂದು ಗೂಡೂ ಕಟ್ಟಲ್ಲ ಅವು!”

ಸೆರಗಿನೊಳಗಿಂದ ಅಪ್ಪ ನಗುವುದು ಕೇಳಿಸಿತ್ತು.

‘ಪೋರ್ಟ್ ಬಂದಾಗ ಮಾತ್ರ ಮಾಡು’ ಅಂದ ಮಾರನೆಯ ದಿನ ಬೆಳಗ್ಗೆ ಫೋನ್ ಬರಲಿಲ್ಲ. ಸಂಜೆಯೂ ಇಲ್ಲ. ಅಕ್ಷತ ಎರಡು ಲಗೋರಿ ಗೆದ್ದಳು. ಅಂಜನನ ಮೂತಿ ಊದಿತು. ಆಹಾ, ಹೀಗಿರಬೇಕು ಅನ್ನಿಸಿತು.

ಎರಡನೆಯ ಸಂಜೆಯೂ ಫೋನ್ ಬರಲಿಲ್ಲ. ಐದು ಗಂಟೆಗೆ ಏಳನೇ ಕಲ್ಲು ಇಡುವಾಗ ಅಕ್ಷತಳ ಕತ್ತು ತಾನಾಗಿ ಜಗುಲಿಯ ಕಡೆ ತಿರುಗಿತು. ಅಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು, ಅಷ್ಟೇ. ಯಾರೂ ಕರೆಯಲಿಲ್ಲ. ಆದರೂ ಚೆಂಡು ಬೆನ್ನಿಗೆ ಬಡಿಯಿತು.

“ಲೇ, ಇವತ್ತು ಸಿಸಿಟಿವಿ ಕೂಡ ಬಂದಿಲ್ಲ. ಮತ್ಯಾಕೆ ಔಟಾದೆ?” ಅಂದ ಅಂಜನ್.

ಅಕ್ಷತ ಕಲ್ಲು ಕೆಳಗೆ ಹಾಕಿ ಮನೆಯೊಳಗೆ ಹೋದಳು. “ಅಮ್ಮಾ, ಹಡಗಲ್ಲಿ ನೆಟ್ ಹೋಗೈತಾ?”

“ನೆಟ್ಟಿಗೇನೂ ಆಗಿಲ್ಲ,” ಅಮ್ಮ ತಲೆ ಎತ್ತದೆ ಸೊಪ್ಪು ಹೆಚ್ಚುತ್ತಲೇ ಹೇಳಿದಳು. “ಮಗೂಗೆ ಡಿಸ್ಟರ್ಬ್ ಆಗ್ತದೆ, ಪೋರ್ಟಿಂದ ಮಾಡ್ತೀನಿ ಅಂತ ನನಗೆ ಮೆಸೇಜ್ ಹಾಕವ್ರೆ.”

“ಪೋರ್ಟ್ ಯಾವಾಗ?”

“ಇನ್ನೂ ಒಂಬತ್ತು ದಿನ ಐತಂತೆ.”

ಅಕ್ಷತ ಅಮ್ಮನ ಫೋನ್ ತೆಗೆದುಕೊಂಡು ಮೂಲೆಯಲ್ಲಿ ಕೂತಳು. ಹಳೆಯ ವಾಯ್ಸ್ ಮೆಸೇಜ್ ಒಂದನ್ನು ಒತ್ತಿದಳು. ಹೊಸ ನೆಟ್ ಬಂದ ದಿನದ್ದು.

“ಅಕ್ಷೂ! ಹೊಸ ತಟ್ಟೆ ಕೂರ್ಸವ್ರೆ ಕಣೇ! ಇನ್ನು ಕಾರ್ಡೂ ಬೇಡ, ಏನೂ ಬೇಡ! ದಿನಾ ಮಾತಾಡ್ಬೋದು, ದಿನಾ!”

ಅಪ್ಪ ಅಷ್ಟು ಜೋರಾಗಿ ಕಿರುಚಿದ್ದು ಯಾಕೆ ಅಂತ ಅವಳಿಗೆ ಈಗ ಗೊತ್ತಾಯಿತು. ಅವನ ದನಿಯ ಹಿಂದೆ ಇನ್ನೊಂದು ಸದ್ದಿತ್ತು. ದಡ ದಡ ದಡ ದಡ. ಟವೆಲ್ ಒಗೆಯುವ ಮಿಷಿನ್ನು. ಇನ್ನೊಂದು ಮೆಸೇಜ್ ಕೇಳಿದಳು. ಅದರಲ್ಲೂ ದಡ ದಡ. ಮತ್ತೊಂದರಲ್ಲಿ ಅಪ್ಪ ಮಲಗುವ ಮುಂಚೆ ಮಾತಾಡಿದ್ದ. ಅದರಲ್ಲೂ ಗೋಡೆಯ ಆಚೆಯಿಂದ ಅದೇ. ಹಡಗು ನಡುಸಮುದ್ರದಲ್ಲಿತ್ತು. ಅಪ್ಪನ ಒಂದು ಮೆಸೇಜಿನಲ್ಲೂ ಸಮುದ್ರದ ಸದ್ದಿರಲಿಲ್ಲ.

ಬೆಳಗ್ಗೆ ಅಜ್ಜಿ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹುಳುಮನೆಗೆ ಹೊರಟಳು. ಎರಡು ದಿನದಿಂದ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹಳೇ ಚರ್ಮ ಕಳಚುವ ಹೊತ್ತು. ಆಗ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಒಂದು ಎಲೆಯನ್ನೂ ಮುಟ್ಟುವುದಿಲ್ಲ. ಹುಳುಮನೆ ಪೂರ್ತಿ ಸ್ತಬ್ಧ.

“ಜ್ವರ ಬಿಟ್ಟಿದಾವೆ ಬಾರೇ! ಹೊಟ್ಟೆ ಹಸ್ಕೊಂಡವೆ!” ಅಜ್ಜಿ ಒಳಗಿಂದ ಕೂಗಿದಳು.

ಅಕ್ಷತ ಕಾಲು ತೊಳೆದು ಒಳಗೆ ಹೋದಳು. ಅಜ್ಜಿ ಹರವಿದ ಸೊಪ್ಪಿನ ಮೇಲೆ ಹುಳ ಮುಗಿಬಿದ್ದಿದ್ದವು. ಸರ ಸರ ಸರ ಸರ. ಎಲೆಯ ಮೇಲೆ ತುಂತುರು ಮಳೆ ಬಿದ್ದ ಹಾಗೆ. ಸಾವಿರಾರು ಪುಟ್ಟ ಬಾಯಿಗಳ ಸದ್ದು.

ಅಕ್ಷತ ತಟಕ್ಕನೆ ಹೊರಗೆ ಓಡಿ ಫೋನ್ ತಂದಳು. ಅಜ್ಜಿ ಬಾಗಿಲಿಗೇ ಅಡ್ಡ ನಿಂತಳು.

“ಆ ಹಡಗನ್ನ ಆಚೇನೇ ಇಟ್ಟು ಬಾ!”

“ವಿಡಿಯೋ ಅಲ್ಲಜ್ಜೀ, ಬರೀ ಫೋನು. ಅಪ್ಪಂಗೆ ಏನೂ ಕಾಣಲ್ಲ. ಕೇಳ್ತದೆ ಅಷ್ಟೇ.”

ಅಜ್ಜಿ ಸೊಪ್ಪು ಹಿಡಿದುಕೊಂಡೇ ಒಂದು ಕ್ಷಣ ಯೋಚಿಸಿದಳು. “ಹ್ಞೂಂ. ಕಣ್ಣಿಗಾದ್ರೆ ದೃಷ್ಟಿ ಐತೆ. ಕಿವಿಗೆ ಎಂಥ ದೃಷ್ಟಿ? ಅದನ್ನ ಒದ್ದೆ ಬಟ್ಟೇಲಿ ಒರೆಸ್ಕೊಂಡು ಬಾ.”

ಫೋನ್ ಒರೆಸಿದ್ದಾಯಿತು. ಒಂದೇ ರಿಂಗಿಗೆ ಅಪ್ಪ ಎತ್ತಿದ. ಅಲ್ಲಿ ರಾತ್ರಿ ಒಂಬತ್ತೂವರೆ.

“ಅಕ್ಷೂ? ಏನಾಯ್ತು? ಎಲ್ಲಾ ಚೆನ್ನಾಗಿದೀರಾ?”

“ಏನೂ ಆಗಿಲ್ಲ. ಸುಮ್ನೆ ಇರಪ್ಪಾ. ಕೇಳ್ಸ್ಕೋ.”

ಅವಳು ಫೋನನ್ನು ಹುಳದ ತಟ್ಟೆಯ ಹತ್ತಿರ ಹಿಡಿದಳು. ಸರ ಸರ ಸರ.

ಅತ್ತ, ದೂರದಲ್ಲಿ ದಡ ದಡ ಮಾತ್ರ.

“ಅಪ್ಪಾ?”

“ಹ್ಞೂಂ. ನಾಕನೇ ಜ್ವರ ಎದ್ದಾವಾ?”

“ಇವತ್ತೇ ಎದ್ದಿದ್ದು. ನಾನು ಅವತ್ತು ಹಂಗಂದೆ ಅಂತ...” ಅವಳು ಒಂದು ಎಲೆಯನ್ನು ಹುಳದ ಕಡೆ ತಳ್ಳಿದಳು. “ಮಾತಾಡ್ಲಾ? ನೋಟ್‌ಬುಕ್ಕಲ್ಲಿ ಏನೂ ಬರ್ದಿಲ್ಲ.”

“ಬೇಡ ಬಿಡು. ಸೊಪ್ಪು ಹಾಕು. ನಾನು ಇಲ್ಲೇ ಇರ್ತೀನಿ.”

ಅಕ್ಷತ ಫೋನನ್ನು ತಟ್ಟೆಯ ಪಕ್ಕದ ಹಲಗೆಯ ಮೇಲಿಟ್ಟಳು. ಸೊಪ್ಪು ಹಾಕಿದಳು. ಅಜ್ಜಿ ಅತ್ತ, ಅವಳು ಇತ್ತ. ಮೇಲೆ ವಿಮಾನವೊಂದು ಗುಂಯ್ ಅಂತ ಹಾದು ಹೋಯಿತು. ಅದು ಮುಗಿದ ಮೇಲೆ ಫೋನಿನೊಳಗಿಂದ ಸಣ್ಣಗೆ ಗೊರಕೆ ಕೇಳಿಸಿತು.

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. “ನೋಡ್ದಾ, ಮೊದಲಿಂದಲೂ ಹಂಗೇ. ಸೊಪ್ಪು ಹಾಕು ಅಂತ ಕರೆದ್ರೆ ಇಲ್ಲೇ ಚಾಪೆ ಮೇಲೆ ಮಲಗ್ಬಿಡೋನು. ಕಟ್ ಮಾಡು, ಸಾಕು.”

ಅಕ್ಷತ ಕಟ್ ಮಾಡಲಿಲ್ಲ. ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಗೆ ಬಂದು, ಜಡೆ ಹಾಕಿಸಿಕೊಂಡು, ಬ್ಯಾಗ್ ಹೆಗಲಿಗೇರಿಸಿದಳು.

ಬೀದಿಯಿಂದ ಅಂಜನ್ ಅರಚಿದ. “ಅಕ್ಷತಾ! ಬಸ್ ಬಂತು, ಬಾರೇ ಬೇಗ!”

ಅಕ್ಷತ ಓಡಿ ಹೋಗಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

“ಶ್! ಮೆತ್ತಗೆ ಮಾತಾಡೋ. ಅಪ್ಪ ಮಲ್ಗೈತೆ.”

ಅಂಜನ್ ಜಗುಲಿ ನೋಡಿದ, ಬಾಗಿಲು ನೋಡಿದ, ಅವಳ ಮುಖ ನೋಡಿದ. ಆಮೇಲೆ, ಯಾಕೆ ಅಂತ ತಿಳಿಯದಿದ್ದರೂ, ಅವನೂ ತುದಿಗಾಲಲ್ಲೇ ನಡೆದ.