ನೊರೆ ಬಾರದ ಔಷಧಿ

ಆಗಸ್ಟ್ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಶಿರಾ ಗೇಟ್ ಕಡೆಯ ಪೊಲೀಸ್ ಠಾಣೆಗೆ ಕರಿಸಿದ್ದಪ್ಪ ಒಂದು ಅರ್ಜಿ ಹಿಡಿದು ಬಂದ. ಅಮೃತೂರು ಹೋಬಳಿಯವನು, ಅವರಿವರ ತೋಟದಲ್ಲಿ ತೆಂಗಿನಕಾಯಿ ಕೆಡವುವ ಕೂಲಿ. ಹಿಂದಿನ ಸಂಜೆ ಅವನ ಹೆಂಡತಿ ರಂಗಲಕ್ಷ್ಮಮ್ಮ ಬಿದ್ದ ಸೋಗೆ ಎಳೆಯುವಾಗ ಅದರಡಿಯಲ್ಲಿದ್ದ ಕೊಳಕುಮಂಡಲ ಕಾಲಿಗೆ ಕಚ್ಚಿತ್ತು. ಸಿಕ್ಕ ಆಟೋದಲ್ಲಿ ಹಾಕಿಕೊಂಡು ತುಮಕೂರಿನ ದೊಡ್ಡ ಖಾಸಗಿ ಆಸ್ಪತ್ರೆಗೆ ತಂದಿದ್ದ. ಈಗ ಅವಳು ಐಸಿಯುನಲ್ಲಿದ್ದಾಳೆ. ಅರ್ಜಿಯ ಸಾರಾಂಶ ಇಷ್ಟು: ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಡ್ರಿಪ್‌ನಲ್ಲಿ ಹೋಗುತ್ತಿರುವಾಗಲೇ ಸಿಂಚನಾ ಎಂಬ ಫಾರ್ಮಸಿಸ್ಟ್ ಬಂದು ಅದನ್ನು ಅರ್ಧಕ್ಕೆ ನಿಲ್ಲಿಸಿದಳು.

"ನನ್ನ ಹೆಂಡ್ರಿಗೆ ಏನಾದ್ರೂ ಆದ್ರೆ ಅವ್ಳನ್ನ ಒಳಿಕ್ ಹಾಕ್ಬೇಕು ಸ್ವಾಮಿ" ಎಂದ ಕರಿಸಿದ್ದಪ್ಪ. ಕಣ್ಣು ಕೆಂಡವಾಗಿದ್ದವು.

ಇನ್ಸ್‌ಪೆಕ್ಟರ್ ಅನಂತರಾಜು ಅರ್ಜಿಯನ್ನು ಎರಡು ಸಲ ಓದಿದರು. ಅಕ್ಷರ ದುಂಡಗಿತ್ತು, ಭಾಷೆ ವಕೀಲರದಿದ್ದಂತಿತ್ತು.

"ಯಾರಪ್ಪ ಬರ್ಕೊಟ್ಟಿದ್ದು?"

"ಆಸ್ಪತ್ರೆ ಸ್ಟೋರ್ ಸಾರು, ರೇಣುಕಾಪ್ರಸಾದಣ್ಣ. ಒಳ್ಳೇ ಮನ್ಸ. ಟೀ ಕುಡ್ಸಿ ಬರ್ಕೊಟ್ರು."

ಅನಂತರಾಜು ಆ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡರು. ಅಷ್ಟರಲ್ಲಿ ಆಸ್ಪತ್ರೆಯ ನಿರ್ದೇಶಕರ ಫೋನು ಬಂತು. ಆ ಹುಡುಗಿಯನ್ನು ಬೆಳಿಗ್ಗೆಯೇ ಸಸ್ಪೆಂಡ್ ಮಾಡಿದ್ದೇವೆ, ಬೇಗ ಎಫ್‌ಐಆರ್ ಹಾಕಿ ಕರೆದುಕೊಂಡು ಹೋದರೆ ಆಸ್ಪತ್ರೆಯ ಮಾನ ಉಳಿಯುತ್ತದೆ ಎಂದರು. ಕೂಲಿಯವನ ದೂರು ಠಾಣೆಯ ಮೆಟ್ಟಿಲು ಹತ್ತಬೇಕಾದರೆ ಚಪ್ಪಲಿ ಸವೆಯುವ ನಾಡಿನಲ್ಲಿ ಈ ದೂರಿಗೆ ಮಾತ್ರ ರೆಕ್ಕೆ ಮೂಡಿತ್ತು. ಚಿಕಿತ್ಸೆಯ ಲೋಪದ ದೂರಿಗೆ ಪರಿಣತರ ಅಭಿಪ್ರಾಯ ಬೇಕೇ ಬೇಕು, ಮೊದಲು ಸ್ಥಳ ನೋಡುತ್ತೇನೆ ಎಂದು ಅನಂತರಾಜು ಫೋನಿಟ್ಟರು. ಹೆಡ್ ಕಾನ್‌ಸ್ಟೆಬಲ್ ತ್ರಿವೇಣಿಯನ್ನು ಜೀಪು ಹತ್ತಲು ಹೇಳಿದರು.

ಸಿಂಚನಾ ಎಮರ್ಜೆನ್ಸಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಕೊರಳಿನ ಗುರುತಿನ ಚೀಟಿಯನ್ನು ಕಿತ್ತುಕೊಂಡಿದ್ದರು. ಅವಳು ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುವವಳಲ್ಲ. ಆರು ವರ್ಷ ಓದಿ ಬಂದ ಕ್ಲಿನಿಕಲ್ ಫಾರ್ಮಸಿಸ್ಟ್. ಯಾವ ಔಷಧಿ, ಎಷ್ಟು, ಯಾವುದರ ಜೊತೆ ಯಾವುದು ಕೂಡದು ಎಂಬುದನ್ನು ಔಷಧಿ ರೋಗಿಯ ಮೈ ಸೇರುವ ಮುಂಚೆ ಹಾಸಿಗೆಯ ಪಕ್ಕದಲ್ಲೇ ನಿಂತು ನೋಡುವುದು ಅವಳ ಕೆಲಸ. ಆಸ್ಪತ್ರೆಗೆ ಮಾನ್ಯತೆ ಕೊಡುವ ತಂಡ ಬಂದಾಗ ಮುಂದೆ ನಿಲ್ಲಿಸಿ ತೋರಿಸಲಿಕ್ಕೆ ಒಬ್ಬಳಿರಲಿ ಎಂದು ಅವಳನ್ನು ತೆಗೆದುಕೊಂಡಿದ್ದರು. ಗೊಂಬೆ ತಂದೆವೆಂದುಕೊಂಡಿದ್ದರು, ಅದಕ್ಕೆ ಬಾಯಿ ಬಂದದ್ದೇ ತಪ್ಪಾಗಿತ್ತು.

ಪೊಲೀಸರನ್ನು ನೋಡಿದರೂ ಅವಳು ತನ್ನ ವಿಷಯ ಎತ್ತಲಿಲ್ಲ. "ರಂಗಲಕ್ಷ್ಮಮ್ಮನ ರಕ್ತ ಹೆಪ್ಪುಗಟ್ತಾ ಇದೆಯಾ ಕೇಳಿ ಸಾರ್. ನನ್ನ ಒಳಗೆ ಬಿಡ್ತಿಲ್ಲ."

ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ, ಗಾಜಿನ ನಳಿಗೆಯಲ್ಲಿಟ್ಟ ರಕ್ತ ನೀರಿನಂತೆ ಹರಿಯುತ್ತಲೇ ಇರುತ್ತದೆ. ಬೆಳಗಿನ ಪರೀಕ್ಷೆಯಲ್ಲೂ ಹಾಗೇ ಇದೆ, ಮುಂದಿನದು ಸಂಜೆಗೆ ಎಂದು ಐಸಿಯು ವೈದ್ಯರು ಹೇಳಿದರು.

"ನಿಲ್ಲಿಸಿದ್ದು ಯಾಕಮ್ಮ?" ಅನಂತರಾಜು ಕೇಳಿದರು.

"ನೊರೆ ಬರ್ಲಿಲ್ಲ ಸಾರ್."

ಅವಳು ಬಿಡಿಸಿ ಹೇಳಿದಳು. ಹಾವಿನ ಔಷಧಿ ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ನೀರು ಹಾಕಿ ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುತ್ತಾ ಇರಬೇಕು, ಬೇಗ ಕರಗುವುದಿಲ್ಲ. ಅವಸರಪಟ್ಟು ಕುಲುಕಿದರೆ ಸೋಪಿನ ನೀರಿನಂತೆ ನೊರೆ ಏಳುತ್ತದೆ. ಮೊದಲ ಮೂರು ಬಾಟಲಿಗಳನ್ನು ನರ್ಸ್ ನಂದಿತಾ ಕರಗಿಸಿದ್ದಳು. ನಾಲ್ಕನೆಯದನ್ನು ಸಿಂಚನಾ ಕೈಗೆತ್ತಿಕೊಂಡಳು. ನೀರು ಬಿದ್ದದ್ದೇ ತಡ, ಬಿಸಿ ಕಾಫಿಗೆ ಸಕ್ಕರೆ ಬಿದ್ದಂತೆ ಪುಡಿ ಮಾಯ. ಕುಲುಕಿ ನೋಡಿದಳು, ಒಂದು ಗುಳ್ಳೆಯೂ ನಿಲ್ಲಲಿಲ್ಲ. ತಕ್ಷಣ ಡ್ರಿಪ್ ನಿಲ್ಲಿಸಿ, ಊರಿನ ಜಿಲ್ಲಾಸ್ಪತ್ರೆಯಲ್ಲಿ ದಾಸ್ತಾನಿಲ್ಲ ಎಂದಾಗ ಗುಬ್ಬಿಯ ಸರ್ಕಾರಿ ಆಸ್ಪತ್ರೆಗೆ ಫೋನು ಮಾಡಿದ್ದಳು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೇರೆ ಔಷಧಿ ತರಿಸಿ, ಡ್ಯೂಟಿ ಡಾಕ್ಟರನ್ನು ಒಪ್ಪಿಸಿ, ಹಾಕಿಸಿದ್ದಳು. ಈ ಮಾತು ಕರಿಸಿದ್ದಪ್ಪನ ಅರ್ಜಿಯಲ್ಲಿ ಇರಲಿಲ್ಲ.

"ಇದೇ ಸ್ಟಾಕ್ ಒಂದು ಪೆಟ್ಟಿಗೆ ನಮ್ಮ ಕುಣಿಗಲ್ ಬ್ರಾಂಚ್‌ಗೂ ಹೋಗಿದೆ ಸಾರ್. ತೆಗ್ದಿಡಿ ಅಂದ್ರೆ, ಸಸ್ಪೆಂಡ್ ಆದೋರ ಮಾತು ಕೇಳಲ್ಲ ಅಂತಾರೆ. ಇನ್ನೊಬ್ರಿಗೆ ಚುಚ್ಚೋ ಮುಂಚೆ ಅದು ಸಿಗ್ಬೇಕು."

ಅನಂತರಾಜು ತ್ರಿವೇಣಿಯ ಮುಖ ನೋಡಿದರು. ಅವಳು ಆಗಲೇ ಕುಣಿಗಲ್ ಠಾಣೆಗೆ ಫೋನು ಹಚ್ಚಿದ್ದಳು.

ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿಯನ್ನು ಕರೆಸಿ, ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಹೋಟೆಲಿನವನನ್ನೂ ಪಂಚರನ್ನಾಗಿ ಮಾಡಿಕೊಂಡು, ಸ್ಟೋರಿನಲ್ಲಿದ್ದ ಬಾಟಲಿಗಳನ್ನು ಮೇಜಿನ ಮೇಲೆ ಇಡಿಸಿದರು. ಲೇಬಲ್, ಬ್ಯಾಚ್ ಸಂಖ್ಯೆ ಎಲ್ಲ ಅಸಲಿ. ಕಾಗದದಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ ಎಂದರು ಅಧಿಕಾರಿ. ಸ್ಟೋರ್ ಇನ್‌ಚಾರ್ಜ್ ರೇಣುಕಾಪ್ರಸಾದ್ ಬಾಗಿಲಲ್ಲಿ ನಿಂತಿದ್ದ. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. "ನೋಡಿ ಸಾರ್, ಸುಮ್ನೆ ಆ ಹುಡುಗಿ ಮಾತು ಕಟ್ಕೊಂಡು" ಎಂದು ನಕ್ಕ. ನಕ್ಕವನು ಯಾವುದೋ ಕೆಲಸ ನೆನಪಾದಂತೆ ಹೊರಟುಹೋದ.

ಗುಬ್ಬಿಯಿಂದ ಬಂದು ಉಳಿದಿದ್ದ ಒಂದು ಬಾಟಲಿ, ಸ್ಟೋರಿನದೊಂದು ಬಾಟಲಿ. ಎರಡಕ್ಕೂ ಅಧಿಕಾರಿಯೇ ತಮ್ಮ ಕೈಯಾರೆ ನೀರು ಹಾಕಿದರು. ಗುಬ್ಬಿಯದರ ಪುಡಿ ಗಂಟುಗಂಟಾಗಿ ಮೊಂಡು ಹಿಡಿದು ಕೂತಿತು. ಕುಲುಕಿದೊಡನೆ ಬಿಳಿ ನೊರೆ ಕುತ್ತಿಗೆಯವರೆಗೂ ಎದ್ದಿತು. ಸ್ಟೋರಿನದು ಆ ಕ್ಷಣದಲ್ಲೇ ತಿಳಿನೀರು.

"ಗ್ಲೂಕೋಸ್ ಪುಡಿ ಇದ್ದಂಗದೆ" ಎಂದ ಹೋಟೆಲಿನವನು. ಪಂಚರು ಮಾತಾಡಬಾರದೆಂದು ಯಾರೂ ಅವನಿಗೆ ಹೇಳಲಿಲ್ಲ.

ಸಾವಿನ ಅಂಚಿನಲ್ಲಿರುವವರ ನರಕ್ಕೆ ಸಕ್ಕರೆ ನೀರು! ಅನಂತರಾಜು ಎರಡೂ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದರು. ಹಾವು ಹೆದರಿ ಕಚ್ಚುತ್ತದೆ. ಇದನ್ನು ತುಂಬಿಟ್ಟ ಕೈಗೆ ಯಾವ ಹೆದರಿಕೆಯಿತ್ತು?

ಆದರೆ ಅಸಲಿ ಬಾಟಲಿಗೆ ನಕಲಿ ಪುಡಿ ಬಂದದ್ದು ಎಲ್ಲಿ? ಕಂಪನಿಯಲ್ಲೋ, ದಾರಿಯಲ್ಲೋ, ಇಲ್ಲಿಯೋ? ನಂದಿತಾಳನ್ನು ಕೂರಿಸಿ ಆ ಸಂಜೆ ನಡೆದದ್ದನ್ನೆಲ್ಲ ಮೊದಲಿಂದ ಹೇಳಿಸಿದರು. ಅವಳು ಹೇಳುತ್ತಾ ಹೇಳುತ್ತಾ, ಖಾಲಿ ಬಾಟಲಿಗೆ ಚುಕ್ಕೆ ಇಡಲು ಹೋದಾಗ ಸಿಂಚನಾ ಮೇಡಂ ಆಗಲೇ ಇಟ್ಟಿದ್ದರು ಎಂದಳು.

"ಏನ್ ಚುಕ್ಕೆ?"

ಅದು ಸಿಂಚನಾ ಎರಡು ತಿಂಗಳ ಹಿಂದೆ ತಂದ ಪದ್ಧತಿ. ಗಡಿಬಿಡಿಯಲ್ಲಿ ಎಷ್ಟು ಬಾಟಲಿ ಹೋಯಿತೆಂದು ಲೆಕ್ಕ ತಪ್ಪಬಾರದು ಎಂದು, ಖಾಲಿಯಾದ ಪ್ರತಿ ಬಾಟಲಿಯ ತಳಕ್ಕೆ ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ. ಡಾಕ್ಟರುಗಳು ಇದನ್ನು ಬ್ಯೂಟಿ ಪಾರ್ಲರ್ ಎಂದು ಆಡಿಕೊಳ್ಳುತ್ತಿದ್ದರು.

"ನಾನು ಇಟ್ಟಿಲ್ಲ ಕಣೇ" ಎಂದಳು ಸಿಂಚನಾ. ಅವಳ ದನಿ ಇಳಿದುಹೋಗಿತ್ತು.

ಅನಂತರಾಜು ಸ್ಟೋರಿನ ಪೆಟ್ಟಿಗೆಯಿಂದ ಸೀಲು ಒಡೆಯದ ಒಂದು ಬಾಟಲಿಯನ್ನು ಎತ್ತಿ ತಲೆಕೆಳಗು ಮಾಡಿದರು. ತಳದ ಗುಳಿಯಲ್ಲಿ ಕೆಂಪು ಚುಕ್ಕೆ. ಇನ್ನೊಂದು. ಅದರಲ್ಲೂ ಚುಕ್ಕೆ. ಇದೇ ವಾರ್ಡಿನಲ್ಲಿ ಒಮ್ಮೆ ಖಾಲಿಯಾಗಿದ್ದ ಬಾಟಲಿಗಳು ಹೊಸ ಸೀಲು ತೊಟ್ಟು ಇದೇ ವಾರ್ಡಿಗೆ ವಾಪಸು ಬಂದಿದ್ದವು. ಅನಂತರಾಜು ಪಂಚನಾಮೆಗೆ ಅದನ್ನೂ ಸೇರಿಸಿದರು.

ತ್ರಿವೇಣಿ ಸ್ವಚ್ಛತೆ ಕೆಲಸದ ಬಸವಲಿಂಗಮ್ಮನನ್ನು ಮೆಟ್ಟಿಲ ಕೆಳಗೆ ಕೂರಿಸಿಕೊಂಡು ಎಲೆಅಡಿಕೆ ಹಂಚಿಕೊಂಡಳು. ಬಸವಲಿಂಗಮ್ಮ ಮುಚ್ಚುಮರೆ ಇಲ್ಲದ ಹೆಂಗಸು.

"ಹಾವಿನೌಷ್ದಿ ಬಾಟ್ಲಿ ಕಸಕ್ಕಾಕ್ಬೇಡ, ಬೇರೆ ಎತ್ತಿಡು ಅಂದಿದ್ರು ಸ್ಟೋರ್ ಸಾರು. ಮನೇಲಿ ಹರಳೆಣ್ಣೆ ತುಂಬಿಡಾಕೆ ಅಂತ. ಅದೆಷ್ಟು ಎಣ್ಣೆ ಹಚ್ಕತಾರವ್ವ ಆ ಮನೇಲಿ ಅಂತ ನಾನೂ ಅಂದ್ಕಂಡಿದ್ದೆ."

ಎಫ್‌ಐಆರ್ ದಾಖಲಾಯಿತು. ಔಷಧ ಕಾಯ್ದೆಯ ಕಲಮುಗಳು, ವಂಚನೆ, ಜೀವಕ್ಕೆ ಅಪಾಯ ತಂದ ಆರೋಪ. ರೇಣುಕಾಪ್ರಸಾದನ ಫೋನು ಸ್ವಿಚ್ ಆಫ್ ಆಗಿತ್ತು. ಅವನು ಎಲ್ಲಿಗೆ ಹೋಗಿರಬಹುದೆಂದು ಅನಂತರಾಜು ಬಹಳ ಯೋಚಿಸಬೇಕಾಗಲಿಲ್ಲ. ಇಲ್ಲಿಯ ಪೆಟ್ಟಿಗೆ ಪೊಲೀಸರ ಕೈಗೆ ಬಿದ್ದಿತ್ತು. ಹೊರಗೆ ಉಳಿದಿದ್ದ ಸಾಕ್ಷಿ ಒಂದೇ, ಕುಣಿಗಲ್ಲಿನ ಪೆಟ್ಟಿಗೆ.

ತ್ರಿವೇಣಿ ಕುಣಿಗಲ್ ತಲುಪುವ ಹೊತ್ತಿಗೆ ಅಲ್ಲಿನ ಠಾಣೆಯ ಪೇದೆ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದ. ಒಂದು ಬಾಟಲಿಯೂ ಖರ್ಚಾಗಿರಲಿಲ್ಲ. ಅವಳು ಮಫ್ತಿಯಲ್ಲಿ ನರ್ಸ್ ಕುರ್ಚಿಯಲ್ಲಿ ಕೂತಳು. ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕಾರು ನಿಂತಿತು, ವಿಭೂತಿಯ ಹಣೆ ಒಳಗೆ ಬಂತು.

"ಸಿಸ್ಟರ್, ಹಾವಿನ ಇಂಜೆಕ್ಷನ್ ಪೆಟ್ಟಿಗೆ ಕೊಡಿ. ಕಂಪನಿಯೋರು ರಿಟರ್ನ್ ಕೇಳವ್ರೆ."

"ಕೊಡ್ತೀನಿ ಬನ್ನಿ ಸಾರ್" ಎಂದು ತ್ರಿವೇಣಿ ಎದ್ದಳು. "ಪೆಟ್ಟಿಗೆ ಜೊತೆ ನಿಮ್ಮನ್ನೂ ತುಮಕೂರಿಗೆ ಮುಟ್ಟಿಸ್ಬೇಕಂತೆ."

ಅವನ ಹೇಳಿಕೆಯ ಮೇಲೆ ಗುಬ್ಬಿಯಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಹಳೇ ಅಂಗಡಿಯ ಷಟರ್ ಎತ್ತಿಸಿದರು. ಕುಣಿಗಲ್ಲಿಗೆ ಹೋಗುವ ಮುಂಚೆ ಅವನು ಇಲ್ಲಿಗೇ ಬಂದು ಇನ್ನೊಂದು ಬೀಗ ಜಡಿದು ಹೋಗಿದ್ದ. ಮುಚ್ಚಳ ಬಿಗಿಯುವ ಕೈಯಂತ್ರ, ರಬ್ಬರ್ ಬಿರಡೆಗಳು, ಗ್ಲೂಕೋಸ್ ಡಬ್ಬಗಳು, ಸಾಲಾಗಿ ಒಣಹಾಕಿದ್ದ ಬಾಟಲಿಗಳು. ಕಂಪನಿಯಿಂದ ಬಂದ ಅಸಲಿ ಔಷಧಿಯನ್ನು ಹೊರಗೆ ಮಾರಿ, ಇವನ್ನು ಸ್ಟೋರಿಗೆ ಸೇರಿಸುತ್ತಿದ್ದ. ಲೇಬಲ್ ಕೆಡಬಾರದೆಂದು ಒಳಗಷ್ಟೇ ತೊಳೆದಿದ್ದ. ಹಾಗಾಗಿ ತಳದ ಬಣ್ಣ ಉಳಿದಿತ್ತು.

ಸಂಜೆಯ ಪರೀಕ್ಷೆಯ ಫಲ ಗುಬ್ಬಿಯಲ್ಲಿದ್ದಾಗಲೇ ಬಂತು. ನಂದಿತಾ ಫೋನಿನಲ್ಲಿ ಅಳುತ್ತಾ ನಗುತ್ತಾ ಹೇಳಿದಳು. ನಳಿಗೆ ಓರೆ ಮಾಡಿದರೂ ರಕ್ತ ಅಲುಗುತ್ತಿಲ್ಲ, ಗಟ್ಟಿಯಾಗಿ ಕೂತಿದೆ. ರಂಗಲಕ್ಷ್ಮಮ್ಮ ಉಳಿದಳು. ಹಾಕಬೇಕಿದ್ದ ಹತ್ತು ಬಾಟಲಿಯೂ ಸಕ್ಕರೆ ನೀರಾಗಿ ಮುಗಿಯುವವರೆಗೂ ಸಿಂಚನಾ ಸುಮ್ಮನಿದ್ದಿದ್ದರೆ ಅವಳು ಬೆಳಕು ಕಾಣುತ್ತಿರಲಿಲ್ಲ ಎಂದು ಐಸಿಯು ವೈದ್ಯರು ಹೇಳಿಕೆ ಬರೆದುಕೊಟ್ಟರು. ನಿರ್ದೇಶಕರು ಸಸ್ಪೆನ್ಷನ್ ಪತ್ರ ಹಿಂಪಡೆದರು. ಗುರುತಿನ ಚೀಟಿಯನ್ನು ತಾವೇ ತಂದುಕೊಡಬೇಕಾಯಿತು, ಏಕೆಂದರೆ ವಾರ್ಡಿನ ನರ್ಸುಗಳೆಲ್ಲ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದರು.

ಮರುದಿನ ಕರಿಸಿದ್ದಪ್ಪ ಅರ್ಜಿ ವಾಪಸು ಕೇಳಲು ಬಂದ, ತಲೆ ತಗ್ಗಿಸಿಕೊಂಡು.

"ಆವಮ್ಮನ ಕಾಲಿಗ್ ಬಿದ್ದೆ ಸ್ವಾಮಿ. ಮೊದ್ಲು ಎದ್ದೇಳಿ, ಮಾತ್ರೆ ಟೈಮಿಗೆ ಕೊಡಿ ಅಂತ ಬೈದ್ರು. ಆ ಅರ್ಜಿ ಹರ್ದಾಕ್ಬುಡಿ."

"ಹರಿಯೋಕಾಗಲ್ಲ" ಎಂದರು ಅನಂತರಾಜು. "ಯಾರ ಕೈಬರಹ ಅಂತ ಕೋರ್ಟಿಗೆ ತೋರಿಸ್ಬೇಕಲ್ಲ. ನೀನೇ ಸಾಕ್ಷಿ. ಧೈರ್ಯವಾಗಿ ಬಾ."

ಉಳಿದದ್ದು ರೇಣುಕಾಪ್ರಸಾದನ ಪೂರ್ತಿ ಹೇಳಿಕೆ. ಅವನೂ ಒಂದು ಕಾಲಕ್ಕೆ ಔಷಧಿ ಕಿಟಕಿಯ ಹಿಂದೆ ಕೂತವನು. ಒಮ್ಮೆ ಚೀಟಿಯಲ್ಲಿ ಔಷಧಿಯ ಪ್ರಮಾಣ ಹೆಚ್ಚಾಗಿದೆ ಎಂದು ಹೇಳಲು ವಾರ್ಡಿನೊಳಗೆ ಹೋಗಿದ್ದನಂತೆ. ನಿನ್ನ ಜಾಗ ಕಿಟಕಿ, ಅಲ್ಲೇ ಇರು ಎಂದು ರೋಗಿಗಳ ಮುಂದೆಯೇ ಅಟ್ಟಿದ್ದರು. ಅಂದಿನಿಂದ ಅವನು ಏನನ್ನೂ ಹೇಳಲಿಲ್ಲ. ಗಮನಿಸುತ್ತಾ ಹೋದ.

"ಕಿಟಕಿಯಿಂದ ಏನ್ ಕೊಟ್ರೂ ತಗೊಂಡ್ಹೋಗಿ ಚುಚ್ತಾರೆ ಸಾರ್. ಹಾವು ಕಚ್ಚಿದೋರಲ್ಲಿ ಎಷ್ಟೋ ಜನಕ್ಕೆ ವಿಷಾನೇ ಏರಿರಲ್ಲ, ಗಾಬರಿಗೆ ಹಾಕ್ತಾರೆ. ಯಾರೂ ಸಾಯಲ್ಲ ಅಂದ್ಕೊಂಡೆ. ಬಾಟ್ಲಿನ ಯಾರೂ ತಿರುಗಿಸಿ ನೋಡಲ್ಲ, ಸಾರ್."

ಅನಂತರಾಜು ಬರೆದುಕೊಂಡು ಪೆನ್ನಿಟ್ಟರು. ಜಪ್ತಿ ಮಾಡಿದ್ದ ಬಾಟಲಿಗಳಲ್ಲಿ ಒಂದನ್ನು ಎತ್ತಿ, ತಲೆಕೆಳಗು ಮಾಡಿ, ಅವನ ಮುಂದೆ ಮೇಜಿನ ಮೇಲಿಟ್ಟರು. ರೇಣುಕಾಪ್ರಸಾದ್ ಆ ಕೆಂಪು ಚುಕ್ಕೆಯನ್ನು ಮೊದಲ ಸಲ ನೋಡಿದ.