ಹನ್ನೊಂದನೇ ಹಾಸಿಗೆಯ ಎಂಟು ಸೂಜಿ

"ಮೇಡಂ, ನಮ್ಮವ್ವಗ ಯಾರು ವಿಷ ಹಾಕಾಕತ್ತಾರ ಅಂತ ಪತ್ತೆ ಹಚ್ಚಿಕೊಡ್ರಿ. ಇಲ್ಲಾಂದ್ರ ನಾ ಪೊಲೀಸರ ಕಡಿ ಹೋಗ್ತೇನಿ!"

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಕಲಬುರಗಿಯ ನಮ್ಮ ದೊಡ್ಡಾಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಗುರಣ್ಣ ಹೀಗೆ ಕೈಮುಗಿದು ನಿಂತಿದ್ದ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವನು. ಅವನ ತಾಯಿ ರುಕ್ಮಿಣಿಬಾಯಿ ಹನ್ನೊಂದನೇ ಹಾಸಿಗೆಯಲ್ಲಿ ಬೆವೆತು, ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಸಕ್ಕರೆ ಕಾಯಿಲೆಯವಳು, ಆದರೆ ಆ ಹೊತ್ತು ರಕ್ತದಲ್ಲಿ ಸಕ್ಕರೆ ಇದ್ದದ್ದು ಬರೀ ಮೂವತ್ತೆರಡು. ಸೋಮವಾರದಿಂದ ಇದು ಮೂರನೇ ಬೆಳಿಗ್ಗೆ. ಗ್ಲುಕೋಸ್ ಹರಿಸಿ ಅವಳನ್ನು ಉಳಿಸಿಕೊಂಡೆವು.

ಗುರಣ್ಣ ಬೇಡಿಕೊಂಡದ್ದು ಡಾ. ಗುಲಫಶಾಳನ್ನು. ಆಳಂದದವಳು, ಎಂ.ಡಿ. ಎರಡನೇ ವರ್ಷ. ರೋಗಿ ಬಾಯಿ ಬಿಡುವ ಮೊದಲೇ ಕಾಯಿಲೆ ಹಿಡಿಯುವ ಅವಳನ್ನು ವಾರ್ಡೆಲ್ಲ ಸಿಐಡಿ ಮೇಡಂ ಎನ್ನುತ್ತಿತ್ತು. ನಾನು ಜಗದೇವ, ಜೇವರ್ಗಿ ಕಡೆಯ ಇಜೇರಿಯವನು, ಮೊದಲ ವರ್ಷದವನು, ಅವಳ ಬಾಲ. ಮಂಗಳವಾರವಷ್ಟೇ ಬೆಳಿಗ್ಗೆ ಆರರಿಂದ ಎಂಟರವರೆಗೆ ತುರ್ತು ಘಟಕದಲ್ಲಿ ಅವಳ ಬೆನ್ನಿಗೇ ನಿಂತು ಹೃದಯಾಘಾತದವನೊಬ್ಬನನ್ನು ಉಳಿಸಿದ್ದೆ. ಆ ಜಂಬ ಇನ್ನೂ ಇಳಿದಿರಲಿಲ್ಲ.

ಪಕ್ಕದ ಹಾಸಿಗೆಯ ಹಮೀದಾಬೇಗಂ ತಡೆಯಲಾರದೆ ಬಾಯಿಬಿಟ್ಟಳು. "ಸೊಸಿ ದಿನಾ ಮುಂಜಾನಿ ಸೂಜಿ ಚುಚ್ಚತಾಳ್ರಿ. ಎಂಟು ದಿನದಿಂದ ನೋಡಾಕತ್ತೇನಿ."

ಎಲ್ಲರೂ ಚಾರ್ಟು ನೋಡಿದರು. ಎಂಟೂ ದಿನ ಬೆಳಿಗ್ಗೆ ಏಳಕ್ಕೆ ಇಪ್ಪತ್ತು ಯೂನಿಟ್ ಇನ್ಸುಲಿನ್ ಕೊಡಲಾಗಿದೆ ಎಂದು ನನ್ನ ಸಹಿ ಇತ್ತು. ಅಂದರೆ ಸೊಸೆ ಭಾಗಮ್ಮನದು ಎರಡನೆಯ, ಕಳ್ಳ ಸೂಜಿ ಎಂದು ಎಲ್ಲರೂ ಲೆಕ್ಕ ಹಾಕಿದರು.

"ಅವ್ವನ್ನ ಕೊಲ್ಲಾಕ ನಿಂತಿಯೇನಬೇ?" ಗುರಣ್ಣ ಹೆಂಡತಿಯ ಮೇಲೆ ಹಾಯ್ದ. "ಇವತ್ತs ಅಫಜಲಪುರಕ್ಕ, ನಿನ್ನ ತವರಿಗೆ ಬಿಟ್ಟು ಬರ್ತೇನಿ. ಮಕ್ಕಳ ಮಾರಿ ಮತ್ತ ನೋಡಂಗಿಲ್ಲ ನೀ!"

"ನಾ ಕೆಟ್ಟದ್ದು ಮಾಡಿಲ್ರಿ," ಎಂದು ಭಾಗಮ್ಮ ಅತ್ತಳು. "ಮತ್ತ ಯಾಕ ಚುಚ್ಚಿದಿ?" ಎಂದು ಗುರಣ್ಣ ಕೇಳಿದಾಗ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ನಾನು ಫೈಲು ತಿರುವುತ್ತ ನಿಂತೆ.

ನಮ್ಮ ಪ್ರೊಫೆಸರ್ ಸೂರ್ಯಕಾಂತ ಸರ್, "ಮಧ್ಯಾಹ್ನ ಹನ್ನೆರಡರ ತನಕ ನೋಡೋಣ. ಆಮೇಲೆ ಪೊಲೀಸರಿಗೆ ಫೋನು," ಎಂದು ಹೊರಟರು.

ಗುಲಫಶಾ ಗದರಲಿಲ್ಲ. ಭಾಗಮ್ಮನ ಪಕ್ಕ ಕುಳಿತು, "ಚುಚ್ಚಿದ ಸೂಜಿ ಏನ್ ಮಾಡಿದಿ?" ಎಂದಳು.

"ಯಾರ ಕಾಲಿಗಾದ್ರೂ ಚುಚ್ಚೀತಂತ ಕೂಡಿಟ್ಟೇನ್ರಿ." ಮಂಚದ ಕೆಳಗಿನಿಂದ ಡಬ್ಬಿಯೊಂದು ಬಂತು. ಒಳಗೆ ಎಂಟು, ಎಲ್ಲವೂ ಕೆಂಪು ಟೋಪಿಯವು. ವಾರ್ಡಿನಿಂದ ಆ ಹಾಸಿಗೆಗೆ ಕೊಟ್ಟಿದ್ದ ಪೊಟ್ಟಣದಲ್ಲಿ ಇನ್ನೆರಡು ಉಳಿದಿದ್ದವು. ಇನ್ಸುಲಿನ್ ಬಾಟಲಿ ಎಲ್ಲಿಯದು ಎಂದು ಗುಲಫಶಾ ಗುರಣ್ಣನನ್ನು ಕೇಳಿದಳು.

"ವಾರ್ಡಿನಾಗ ಖಾಲಿ ಆಗಿತ್ರಿ. ರವಿವಾರ ಸಂಜಿಗೆ ಹೊರಗಿನ ಅಂಗಡಿಯಿಂದ ತಂದೆ. ನೀವು ಡಾಕ್ಟರು ಬರಕೊಟ್ಟ ಚೀಟಿ ಇಲ್ಲೇ ಅದ ನೋಡ್ರಿ."

ಚೀಟಿ ನೋಡಿದ ಗುಲಫಶಾ ನನ್ನತ್ತ ನೋಡಲಿಲ್ಲ.

ಹನ್ನೆರಡಕ್ಕೆ ಎಲ್ಲರೂ ಹಾಸಿಗೆಯ ಸುತ್ತ ಸೇರಿದೆವು. ರುಕ್ಮಿಣಿಬಾಯಿ ಎಚ್ಚರವಾಗಿ ದಿಂಬಿಗೆ ಒರಗಿದ್ದಳು.

"ಸರ್, ಭಾಗಮ್ಮ ಎಂಟು ದಿನದಿಂದ ಚುಚ್ಚುತ್ತಿದ್ದಾಳೆ, ಸಕ್ಕರೆ ಕುಸಿದದ್ದು ಮೂರೇ ದಿನದಿಂದ," ಗುಲಫಶಾ ಶುರು ಮಾಡಿದಳು. "ಅಂದಮೇಲೆ ಸೋಮವಾರ ಬದಲಾದದ್ದು ಅವಳಲ್ಲ, ಬಾಟಲಿ. ವಾರ್ಡಿನ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ ನಲವತ್ತು ಯೂನಿಟ್, ಕೆಂಪು ಟೋಪಿಯ ಸೂಜಿಯ ಗೆರೆಗಳು ಅದರ ಲೆಕ್ಕಕ್ಕೇ ಇವೆ. ಹೊರಗಿಂದ ತಂದದ್ದರಲ್ಲಿ ನೂರು. ಅದೇ ಸೂಜಿಯಲ್ಲಿ ಅದೇ ಇಪ್ಪತ್ತರ ಗೆರೆಗೆ ಎಳೆದರೆ ಒಳಗೆ ಹೋಗುವುದು ಐವತ್ತು. ಚೀಟಿಯಲ್ಲಿ ಬರೀ ಇನ್ಸುಲಿನ್ ಅಂತ ಇದೆ, ಎಷ್ಟು ಶಕ್ತಿಯದು ಅಂತ ಬರೆದಿಲ್ಲ."

"ಮತ್ತೆ ಎರಡನೇ ಸೂಜಿ?" ಎಂದರು ಸರ್.

"ಎರಡನೆಯದು ಇರಲೇ ಇಲ್ಲ ಸರ್. ಈ ಹಾಸಿಗೆಗೆ ಕೊಟ್ಟದ್ದು ಹತ್ತು. ಡಬ್ಬಿಯಲ್ಲಿ ಎಂಟು, ಪೊಟ್ಟಣದಲ್ಲಿ ಎರಡು. ಎಂಟು ದಿನಕ್ಕೆ ಎಂಟೇ ಖರ್ಚಾಗಿವೆ, ಎಂಟೂ ಇವಳವೇ. ಮಂಗಳವಾರ ಏಳಕ್ಕೆ ಇಲ್ಲಿ ಇನ್ಸುಲಿನ್ ಕೊಟ್ಟೆ ಅಂತ ಸಹಿ ಹಾಕಿದವನು ಆ ಹೊತ್ತಿಗೆ ತುರ್ತು ಘಟಕದಲ್ಲಿ ನನ್ನ ಪಕ್ಕದಲ್ಲಿದ್ದ." ದನಿ ತಗ್ಗಿಸಿದಳು. "ಉಳಿದದ್ದನ್ನು ಅವನೇ ಹೇಳಲಿ."

ಆದರೆ ಮೊದಲು ಮಾತಾಡಿದವಳು ಭಾಗಮ್ಮ.

"ಅಣ್ಣಂದು ತಪ್ಪಿಲ್ರಿ. ಚುಚ್ಚಿದ ಕೈ ನಂದು."

ಥೂ ನನ್ನ ಜನ್ಮಕ್ಕೆ! ಗಂಡ, ಮಕ್ಕಳು, ಮನೆ ಎಲ್ಲ ಕೈಬಿಡುವ ಹೊತ್ತಿನಲ್ಲೂ ಅವಳು ನನ್ನನ್ನು ಕಾಯುತ್ತಿದ್ದಳು. ಆಗ ಹೇಳಿದೆ, ಎಲ್ಲವನ್ನೂ. ನಲವತ್ತು ಹಾಸಿಗೆಗೆ ಒಬ್ಬಳೇ ಸಿಸ್ಟರ್. ಏಳರ ಸೂಜಿಗಳೆಲ್ಲ ಮೊದಲ ವರ್ಷದವರ ತಲೆಗೆ. ಮನೆಯವರಿಗೆ ಗೆರೆ ತೋರಿಸಿ ಚುಚ್ಚಲು ಹೇಳಿ, ಚಾರ್ಟಿಗೆ ಸಹಿ ಹಾಕಿ ಓಡುವುದು ನಾವೆಲ್ಲ ಕಲಿತಿದ್ದ ಚಾಳಿ. "ಯಾರಿಗೂ ಹೇಳಬ್ಯಾಡ ತಂಗಿ, ನನ್ನ ಸೀಟು ಹೋಗ್ತದ," ಎಂದು ಅವಳಿಂದ ಮಾತು ತೆಗೆದುಕೊಂಡವನೂ ನಾನೇ. ಚೀಟಿ ಬರೆದವನೂ ನಾನೇ. ಅವಳು ಅಳುವಾಗ, ಇವಳೇ ತಪ್ಪಿ ಎರಡು ಸಲ ಚುಚ್ಚಿರಬೇಕು ಎಂದು ನಂಬಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು.

ಸರ್ ಕೂಗಾಡಲಿಲ್ಲ. "ಇದನ್ನೆಲ್ಲ ಬರೆದು, ಇದಕ್ಕೂ ಸಹಿ ಹಾಕಿ ಕೊಡು. ನಾಳೆಯಿಂದ ವಾರ್ಡಿಗೆ ಬರಬೇಡ," ಎಂದರು. ಹೊಡೆದಿದ್ದರೆ ಚೆನ್ನಾಗಿತ್ತು.

ಗುರಣ್ಣ ಈಗ ಹೆಂಡತಿಯ ಮುಂದೆ ಕೈಮುಗಿದ. ಸಿಸ್ಟರ್ ಮುಂದೆ ಬಂದು, ಇನ್ನು ಮೇಲೆ ಸೂಜಿ ತಾನೇ ಕೊಡುವುದಾಗಿ ಹೇಳಿದಳು. ರುಕ್ಮಿಣಿಬಾಯಿ ತಲೆಯಲ್ಲಾಡಿಸಿದಳು.

"ಬ್ಯಾಡವ್ವ. ನಮ್ಮ ಭಾಗೂನs ಚುಚ್ಚಲಿ. ಆಕಿ ಕೈ ನನಗ ನೋಯಂಗಿಲ್ಲ."

ಭಾಗಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಅಣ್ಣಾ, ಹಂಗಾದ್ರ ಈ ಸಲ ಪೂರಾ ಕಲಿಸ್ರಿ. ಊರಿಗೆ ಹೋದ ಮ್ಯಾಲ ಕೇಳಾಕ ಯಾರೂ ಇರಂಗಿಲ್ಲ."

ಇನ್ನೂ ಅಣ್ಣ ಎಂದೇ ಕರೆದಳು. ನಾನು ಆ ಬಾಟಲಿ ಎತ್ತಿ ಗುಲಫಶಾಳ ಕೈಗಿಟ್ಟೆ. ಅವಳೇ ಕಲಿಸಿದಳು. ನಾನು ಅವಳ ಹಿಂದೆ ನಿಂತು ಕಲಿತೆ.