ಗಿಟಾರಿನೊಳಗಿನ ಗಿಲಕಿ

"ಅದನ್ನ ಮಾತ್ರ ತೆಗೀಬೇಡಪ್ಪ," ಎಂದಳು ಹ್ಯಾಟಿ ಟಾರ್ವರ್. ಮುದುಕಿ ಹರಾಜಿಗೆ ತಂದಿದ್ದ ತನ್ನ ತಮ್ಮನ ಗಿಟಾರನ್ನು ಮೆಲ್ಲಗೆ ಅಲುಗಿಸಿದಳು. ಒಳಗಿನ ಕತ್ತಲಲ್ಲಿ ಏನೋ ಗಿಲಗಿಲ ಎಂದಿತು. "ಗಿಲಕಿಹಾವಿನ ಬಾಲದ ಗಿಲಕಿ. ನನ್ನ ತಮ್ಮ ಲೂಷಸ್ ಹೆಸರು ಮಾಡಿದ್ದು ಕಂಡು, ಆಗದವರು ಗಂಟಲು ಕಟ್ಟಲಿ ಅಂತ ಈ ಗಿಟಾರಿಗೆ ಮಾಟ ಮಾಡಿಸಿದ್ರು. ನಮ್ಮವ್ವ ಇದನ್ನ ಒಳಗಿಟ್ಟು ಮಾಟಕ್ಕೆ ಕಟ್ಟು ಹಾಕಿದ್ಲು. ರೆಕಾರ್ಡಿಂಗಲ್ಲಿ ಸದ್ದು ಬರ್ತದೆ ಅಂತ ಒಂದು ದಿನ ಅವನೇ ತೆಗೆದ. ಹಾಡ್ತಾ ಹಾಡ್ತಾನೇ ಗಂಟಲು ಕಟ್ಟಿ ಸತ್ತ. ಆಮೇಲೆ ನಾನೇ ಮತ್ತೆ ಒಳಗಿಟ್ಟೆ."

ನ್ಯೂಯಾರ್ಕಿನಿಂದ ದಕ್ಷಿಣದ ಮೆಂಫಿಸ್‌ನ ಈ ಹರಾಜು ಕಚೇರಿಗೆ ಬಂದು ಮೂರು ವಾರವಾಗಿದ್ದ ವೆಸ್ಲಿಗೆ ನಗು ತಡೆಯಲಾಗಲಿಲ್ಲ. "ಹಾವು ಬಂದು ಕೇಳಿದ್ರೆ ವಾಪಸ್ ಕೊಡ್ತೀನಿ ಬಿಡಮ್ಮ." ಮುದುಕಿ ನಗಲಿಲ್ಲ.

ಹೆಸರಾಂತ ರಾಕ್ ಗಾಯಕರ ಗಿಟಾರುಗಳನ್ನು ಪರೀಕ್ಷಿಸಿ ಹರಾಜಿನ ಪಟ್ಟಿ ಬರೆಯುವುದು ಅವನ ಕಸುಬು. ಗೀರು, ಸಿಗರೇಟಿನ ಸುಟ್ಟ ಕಲೆ, ಬೆವರಿನ ಕರೆ ಇದ್ದಷ್ಟೂ ಬೆಲೆ ಹೆಚ್ಚು. ಒಳಗೇನೋ ಸಡಿಲಾಗಿದೆ ಎಂದು ಬರೆದರೆ ಮಾತ್ರ ಗಿರಾಕಿಗಳು ಮೂಗು ಮುರಿಯುತ್ತಾರೆ. ಮುದುಕಿ ಹೋದದ್ದೇ ತಡ, ಗಿಟಾರಿನ ಮುಖದ ಮೇಲಿನ, ನಾದ ಹೊರಬರುವ ಸೀಳಿನೊಳಗೆ ಚಿಮಟ ತೂರಿಸಿದ. ಹಳೆಯ ಮರದ, ತಂಬಾಕಿನ ವಾಸನೆಯ ಜೊತೆ ಗೋರಿಯ ಹಸಿಮಣ್ಣಿನ ಘಾಟು ಬಡಿಯಿತು. ಗಿಲಕಿಯನ್ನು ಎಳೆದು ಮೇಜಿನ ಖಾನೆಗೆ ಎಸೆದ. 'ಒಳಭಾಗ ಸುಭದ್ರ' ಎಂದು ಬರೆದ.

ಹರಾಜಿಗೆ ಮುಂಚೆ, ಶನಿವಾರ ಮಧ್ಯಾಹ್ನ, ಗಿರಾಕಿಗಳ ಮುಂದೆ ಗಿಟಾರು ನುಡಿಸಿ ತೋರಿಸುವ ಪದ್ಧತಿ. ನುಡಿಸುವವಳು ಅದೇ ಕಚೇರಿಯ ಡೆಲ್ಫೀನ್. ಭಾನುವಾರ ಚರ್ಚಿನಲ್ಲಿ ಅವಳು ಹಾಡುವುದನ್ನು ಕೇಳಲೆಂದೇ ಊರಾಚೆಯಿಂದ ಜನ ಬರುತ್ತಿದ್ದರು. ಹ್ಯಾಟಿ ಹೇಳಿದ್ದು ಅವಳಿಗೂ ಗೊತ್ತಾಗಿತ್ತು. ಗಿಟಾರು ಹಿಡಿದು ವೇದಿಕೆ ಹತ್ತುವ ಮುನ್ನ ವೆಸ್ಲಿಯ ಕಿವಿಯಲ್ಲಿ ಕೇಳಿದಳು.

"ಗಿಲಕಿ ಒಳಗೇ ಇದೆ ತಾನೆ? ಇದು ನಮ್ಮೋರಿಗೆ ಆಟದ ಮಾತಲ್ಲ ಕಣೋ."

"ಇದೆ, ಹೋಗೆ."

ಜನರ ಗದ್ದಲದಲ್ಲಿ ಅಲುಗಿಸಿ ನೋಡಲು ಪುರಸೊತ್ತಿರಲಿಲ್ಲ. ಅವಳು ಅವನ ಮಾತನ್ನು ನಂಬಿದಳು.

ಎರಡು ಸಾಲು ಹಾಡಿದಳು. ಮೂರನೆಯದು ಬರಲಿಲ್ಲ. ಹಸಿಮಣ್ಣಿನ ಘಾಟು ಸಭಾಂಗಣ ತುಂಬಿತು. ಡೆಲ್ಫೀನ್ ಗಂಟಲು ಹಿಡಿದು ಕುಸಿದಳು. ಕತ್ತಿನ ನರಗಳು ಉಬ್ಬಿದವು. ದೀಪ ಆರಿತು. ಕತ್ತಲಲ್ಲಿ ತಂತಿಗಳು ತಾವಾಗಿಯೇ ನುಡಿಯುತ್ತಿದ್ದವು. ವೆಸ್ಲಿ ಓಡಿದ. ಮೇಜು. ಖಾನೆ. ಕಾಗದ, ಪೆನ್ನು, ಮತ್ತೆ ಕಾಗದ. ಸಿಕ್ಕಿತು. ಗಿಲಕಿ ಬೆಚ್ಚಗಿತ್ತು. ಅಂಗೈಯಲ್ಲಿ ಅದುರುತ್ತಿತ್ತು. ಮರಳಿ ಓಡಿದ. ತಡವರಿಸಿದ. ಸೀಳಿನೊಳಗೆ ತುರುಕಿದ. ತಂತಿಗಳು ಸುಮ್ಮನಾದವು. ದೀಪ ಬಂತು. ಡೆಲ್ಫೀನ್ ಉಸಿರೆಳೆದುಕೊಂಡಳು.

ಮುಂದಿನ ಸಾಲಿನಿಂದ ಹ್ಯಾಟಿ ಎದ್ದು ಬಂದಳು. "ಗಿಲಕಿ ಎಲ್ಲಿತ್ತು?"

ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಇಲ್ಲೇ, ನೆಲದ ಮೇಲೆ," ಎಂದ ವೆಸ್ಲಿ. "ಗಿಟಾರು ತರುವಾಗ ಬಿದ್ದಿರ್ಬೇಕು."

ಡೆಲ್ಫೀನಳ ಜೀವ ಉಳಿಯಿತು, ದನಿ ಉಳಿಯಲಿಲ್ಲ. ವೆಸ್ಲಿಗೆ ರಾತ್ರಿಯಿಡೀ ತನ್ನ ಮೇಲೆ ತನಗೇ ಹೇಸಿಗೆ. ಮರುದಿನ ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿಕೊಂಡ. ಅವನು ಕೂರುವ ಮೊದಲೇ ಡೆಲ್ಫೀನ್ ಚೀಟಿ ಚಾಚಿದಳು.

'ಗಿಟಾರು ತಂದವಳು ನಾನೇ. ನನ್ನ ಕೈಯಿಂದಲೇ ಬಿತ್ತು. ನಿನ್ನನ್ನೂ ಹೆದರಿಸಿಬಿಟ್ಟೆ. ಕ್ಷಮಿಸು ಕಣೋ.'

ವೆಸ್ಲಿ ಎರಡು ಸಲ ಓದಿದ. ಅವನ ಗಂಟಲಿಗೆ ಏನೂ ಆಗಿರಲಿಲ್ಲ. ಮಾತಾಡಬಹುದಿತ್ತು.

"ಇರ್ಲಿ ಬಿಡು," ಎಂದ.